ಲಗಮಪ್ಪನ ಪಿಸುಮಾತು

ಗೋಕಾಕದ ಹೊರಗೆ ಶೆಟ್ಟೆಪ್ಪ ಸಾಹುಕಾರನ ಹತ್ತಿ ಗಿರಣಿಯಲ್ಲಿ ಲಗಮಪ್ಪನಿಗೆ ನೌಕರಿ ಸಿಕ್ಕಾಗ ಅವನೂರು ಘೋಡಗೇರಿಯ ಮಂದಿಯೆಲ್ಲ ಪಗಾರ ಎಷ್ಟೆಂದು ಕೇಳಿದರು. ಕಿವಿಯ ಗತಿ ಏನಾದೀತು ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಪಗಾರದ ಗಂಡು ಎಂದೇ ನಾಗನೂರದವರು ತಮ್ಮ ಮಗಳು ಸಾತವ್ವನನ್ನು ಕೊಟ್ಟು ಮದುವೆ ಮಾಡಿದರು. ಗಿರಣಿಯೊಳಗೆ ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಬೆಳಗಿನಿಂದ ಸಂಜೆಯ ತನಕ ಗುಡುಗುತ್ತಿದ್ದವು. ಅವುಗಳ ನಡುವೆ ನಿಂತು ನಿಂತು ಲಗಮಪ್ಪನ ಕಿವಿ ಮಂದವಾಯಿತು, ದನಿ ದೊಡ್ಡದಾಯಿತು. ಇದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಅವನು ಶನಿವಾರ ಸಂಜೆ ಸೈಕಲ್ ತುಳಿದುಕೊಂಡು ಬಂದು ಸೋಮವಾರ ನಸುಕಿಗೆ ಹೊರಡುವವನು. ನಡುವಿನ ರವಿವಾರವೊಂದೇ ಗಂಡ ಹೆಂಡಿರ ಪಾಲಿನದು. ಅದಾದರೂ ಎಲ್ಲಿ ದಕ್ಕಬೇಕು? ಹಿರಿಯರ ಎದುರಿಗೆ ಸೊಸೆ ಗಂಡನ ಜೊತೆ ಮಾತಾಡಬಾರದು. ಮನೆ ನೋಡಿದರೆ ಒಂದೇ ಅಂಕಣದ್ದು, ನಡುವಿನ ಗೋಡೆ ಎದೆಮಟ್ಟ. ಹೊಲಕ್ಕೆ ಹೋದರೆ ಅಲ್ಲಿ ಮಾವ ಉದ್ದಪ್ಪ, ಹಳ್ಳಕ್ಕೆ ಹೋದರೆ ಬೆನ್ನಿಗೆ ಅತ್ತೆ ಕಾಡವ್ವ. ಇಂಥ ಮನೆಯಲ್ಲಿ ಹೊಸ ಜೋಡಿಗೆ ಇರುವ ಆಸ್ತಿಯೆಂದರೆ ಪಿಸುಮಾತೊಂದೇ. ಅದನ್ನೇ ಗಿರಣಿ ನುಂಗಿ ಹಾಕಿತ್ತು.

ಒಂದು ಶನಿವಾರ ಲಗಮಪ್ಪ ಕರದಂಟಿನ ಪೊಟ್ಟಣವನ್ನು ಅಂಗಿಯೊಳಗೆ ಅಡಗಿಸಿಕೊಂಡು ತಂದ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ತನ್ನ ಪ್ರಕಾರ ಬಲು ಮೆಲ್ಲಗೆ, "ಸಾತವ್ವಾ, ಕರದಂಟ ತಂದೇನಿ. ಅವ್ವಗ ಕಾಣದಂಗ ತಿನ್ನು" ಎಂದ.

"ನನಗೂ ಒಂದ್ ತುಂಡ ಇಡ್ರೆವಾ. ಹಲ್ಲಿಲ್ಲಂದ್ರೂ ಚೀಪತೇನಿ" ಎಂದಳು ಒಲೆಯ ಮುಂದಿನಿಂದ ಕಾಡವ್ವ.

ಗೋಡೆಯಾಚೆ ಪಕ್ಕದ ಮನೆಯ ದುಂಡವ್ವ ಕಿಸಕ್ಕನೆ ನಕ್ಕಳು. ಸಾತವ್ವ ಅಂದು ಕರದಂಟನ್ನು ಮುಟ್ಟಿಯೂ ನೋಡಲಿಲ್ಲ. ಮುಂದಿನ ವಾರ ಗಂಡ ಬಾಯಿ ತೆರೆದರೆ ಸಾಕು, ಅವಳು ಎದ್ದು ಹೋಗತೊಡಗಿದಳು. ಪಾಪ, ಲಗಮಪ್ಪನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯಲಿಲ್ಲ.

ಆಮೇಲೊಂದು ರವಿವಾರ ತಲೆ ತಗ್ಗಿಸಿ ಅವನ ಕೈಗೆ ನೀರು ಹಾಕುತ್ತ ಅವಳೇ ಪಿಸುಗುಟ್ಟಿದಳು. "ನಿಮಗ ಒಂದ್ ಮಾತ ಹೇಳೂದೈತ್ರಿ."

"ಆಂ?"

"ಮಾತ ಹೇಳೂದೈತ್ರಿ. ಮೊದಲ ನಿಮಗs ಹೇಳಬೇಕ್ರಿ."

"ಜೋರಾಗಿ ಹೇಳ! ಇಲ್ಲಿ ಯಾರೂ ಇಲ್ಲ!"

"ನಾ ಇಲ್ಲೇ ಅದೀನೋ" ಎಂದ ಕಟ್ಟೆಯ ಮೇಲೆ ಕೂತಿದ್ದ ಉದ್ದಪ್ಪ.

ಸಾತವ್ವ ತಂಬಿಗೆಯನ್ನು ಕುಕ್ಕಿ ಒಳಗೆ ಹೋದಳು. ಆ ವಾರವೆಲ್ಲ ಲಗಮಪ್ಪನಿಗೆ ಗಿರಣಿಯ ಸದ್ದೂ ಕೇಳಿಸಲಿಲ್ಲ. ಏನಿರಬಹುದು ಆ ಮಾತು? ಇಂಥ ಗಂಡನ ಕೂಡ ಬಾಳುವೆ ಸಾಕು, ತವರಿಗೆ ಹೋಗುತ್ತೇನೆ ಎಂದೇ ಇರಬೇಕು. ಹೆಂಡತಿಯೆಂದರೆ ಅವನಿಗೆ ಜೀವ. ಆದರೆ ಅದನ್ನು ಹೇಳಹೋದರೆ ಇಡೀ ಓಣಿಗೆ ಹೇಳಿದಂತಾಗುತ್ತಿತ್ತಲ್ಲ!

ಮರುವಾರ ಗಿರಣಿಯ ಜೊತೆಗಾರ ಅಪ್ಪಣ್ಣ ಚಕ್ಕಡಿಯಲ್ಲಿ ಓಣಿಯ ತುದಿಯವರೆಗೆ ಬಂದಿದ್ದ. ಲಗಮಪ್ಪ ಮನೆಯ ಬಾಗಿಲಲ್ಲೇ ನಿಂತು ಅವನತ್ತ ತುಟಿ ಅಲ್ಲಾಡಿಸಿದ. ಅಪ್ಪಣ್ಣ ಅಲ್ಲಿಂದಲೇ ತುಟಿ ಅಲ್ಲಾಡಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ಚೂರು ಸದ್ದಿಲ್ಲ. ಬಾಗಿಲ ಮರೆಯಲ್ಲಿದ್ದ ಸಾತವ್ವ ಕಣ್ಣರಳಿಸಿ ನೋಡಿದಳು. ಇದೇನೆಂದು ಕೈಸನ್ನೆಯಲ್ಲೇ ಕೇಳಿದಳು.

"ಗಿರಣ್ಯಾಗ ಒದರಿದ್ರೂ ಕೇಳಸೂದಿಲ್ಲ. ಅದಕ್ಕ ತುಟಿ ನೋಡಿ ಮಾತಾಡತೇವಿ" ಎಂದು ಅವನು ಎಂದಿನಂತೆ ಊರಿಗೆಲ್ಲ ಕೇಳುವಂತೆ ಹೇಳಿದ.

ಸಾತವ್ವ ತನ್ನ ತುಟಿಯನ್ನು ಮುಟ್ಟಿ ತೋರಿಸಿದಳು. ನನಗೂ ಕಲಿಸಿರಿ!

ಅಂದಿನಿಂದ ರವಿವಾರಗಳ ಬಣ್ಣವೇ ಬೇರೆಯಾಯಿತು. ಅವಳು ಕಸ ಹೊಡೆಯುತ್ತ 'ನೀರು' ಎನ್ನುವಳು, ರೊಟ್ಟಿ ಬಡಿಯುತ್ತ 'ಉಪ್ಪು' ಎನ್ನುವಳು, ಎಲ್ಲವೂ ತುಟಿಯಲ್ಲೇ. ಅವನು ಸರಿಯಾಗಿ ಓದಿದರೆ ತಲೆ ಆಡಿಸುವನು. ಕಾಡವ್ವ ಇದನ್ನೆಲ್ಲ ನೋಡಿ ನೋಡಿ, "ಯಾಕs ತಂಗಿ, ದವಡಿ ನೋಯಾಕತ್ತೇತೇನ? ಲವಂಗ ಇಟ್ಕೋ" ಎಂದು ಡಬ್ಬಿ ಹುಡುಕಿ ಕೊಟ್ಟಳು. ಸೊಸೆ ವಿನಯದಿಂದ ಲವಂಗ ಕಚ್ಚಿಕೊಂಡಳು.

ಕಡೆಗೊಂದು ರವಿವಾರ ಮಧ್ಯಾಹ್ನ ಅಪ್ಪ ಮಗ ಊಟಕ್ಕೆ ಕೂತಿದ್ದರು. ಕಾಡವ್ವ ಬಡಿಸುತ್ತಿದ್ದಳು. ಒಲೆಯ ಮುಂದಿದ್ದ ಸಾತವ್ವ ಹೊರಳಿ ಗಂಡನನ್ನು ನೋಡಿದಳು. ತುಟಿ ನಿಧಾನವಾಗಿ ಆಡಿದವು.

ನಾ ಬಸರಾಗೇನ್ರಿ.

ಲಗಮಪ್ಪನ ಕೈಯ ತುತ್ತು ಕೈಯಲ್ಲೇ ನಿಂತಿತು. ಇನ್ನೊಮ್ಮೆ ಹೇಳು ಎಂದು ತುಟಿ ಆಡಿಸಿದ. ಅವಳು ಇನ್ನೊಮ್ಮೆ ಹೇಳಿದಳು. ತವರಿಗೆ ಹೋಗುವ ಮಾತಲ್ಲ! ಸಂತೋಷ ಹೊಟ್ಟೆಯಿಂದ ಗಂಟಲಿಗೆ ಏರಿತು, ಅಲ್ಲಿ ಅದನ್ನು ತಡೆಯುವವರು ಯಾರೂ ಇರಲಿಲ್ಲ.

"ಖರೇನ? ಬಸರಾಗೀಯೇನ?"

ಗೂಟದಲ್ಲಿದ್ದ ಎತ್ತು ಕಿವಿ ನಿಮಿರಿಸಿತು. "ಚಲೋ ಆತ ನೋಡೋ ತಮ್ಮಾ!" ಎಂದು ಗೋಡೆಯಾಚೆಯಿಂದ ದುಂಡವ್ವ ಕೂಗಿದಳು. ಉದ್ದಪ್ಪನಿಗೆ ಕೆಮ್ಮು ಹತ್ತಿತು. ಸಾತವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕಾಡವ್ವ ಮಾತ್ರ ಸಾವಕಾಶವಾಗಿ ಪಲ್ಯದ ಪಾತ್ರೆಯನ್ನು ಕೆಳಗಿಟ್ಟಳು. "ನನಗ ಗೊತ್ತಾಗಿ ತಿಂಗಳಾತು. ಮೊದಲ ನಿನ್ನ ಕಿವಿಗಿ ಬೀಳ್ಲಿ ಅಂತ ಬಾಯಿ ಬಿಗಿಹಿಡ್ಕೊಂಡ ಕುಂತೇನಿ. ನೀ ನೋಡಿದ್ರ ಡಂಗುರಾ ಸಾರಿದಿ."

ಲಗಮಪ್ಪನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿ ರೊಟ್ಟಿ ಮುರಿದ. ತುಸು ಹೊತ್ತಿಗೆ ಕಣ್ಣೆತ್ತಿದಾಗ ಸೆರಗಿನ ಅಂಚಿನಿಂದ ಸಾತವ್ವನ ತುಟಿಗಳು ಕಂಡವು.

ಗಂಡಾದ್ರ ಗಿರಣಿಗಿ ಕಳಸೂದು ಬ್ಯಾಡ್ರಿ.

ಲಗಮಪ್ಪನ ಕಣ್ಣು ತುಂಬಿ ಬಂದವು. ಇಲ್ಲ, ಕಳಿಸುವುದಿಲ್ಲ ಎಂದು ತುಟಿಯಲ್ಲೇ ಮಾತು ಕೊಟ್ಟ.

"ಮತ್ತೇನಂತಾಳೋ ಆಕಿ?" ಎಂದು ಉದ್ದಪ್ಪ ಕೇಳಿದ.

"ಏನಿಲ್ಲಪ್ಪಾ!" ಎಂದ ಲಗಮಪ್ಪ.

ಏನಿಲ್ಲ ಎಂಬುದೂ ಓಣಿಗೆಲ್ಲ ಕೇಳಿಸಿತು. ಅವಳು ಹೇಳಿದ್ದು ಮಾತ್ರ ಅವರಿಬ್ಬರಲ್ಲೇ ಉಳಿಯಿತು.