ಅರ್ಧ ಗುಳಿಗೆ

ದವಾಖಾನೆಯ ಆ ಕೋಣೆಯಲ್ಲಿ ಕಟ್ಟಿಗೆಯ ಎರಡು ಮೆಟ್ಟಿಲಿದ್ದವು. ಎಲ್ಲಿಗೂ ಹೋಗದ ಮೆಟ್ಟಿಲು. ಹತ್ತಬೇಕು, ಆ ಕಡೆ ಇಳಿಯಬೇಕು, ತಿರುಗಿ ಹತ್ತಬೇಕು. ಎದೆಯಲ್ಲಿ ನೋವು ಬಂದ ಕೂಡಲೇ ಕೈ ಎತ್ತಬೇಕು. ಆಗ ಕಂಪೌಂಡರ್ ಬಸಲಿಂಗಯ್ಯ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದ. ಮಲಗಿಸಿ, ಎದೆಗೆ ವಾಯರು ಹಚ್ಚಿ, ಉದ್ದನೆಯ ಕಾಗದ ತೆಗೆಯುತ್ತಿದ್ದ.

ಮರೆಪ್ಪನಿಗೆ ಮೊದಲ ದಿನ ನಗು ಬಂದಿತ್ತು. ಮೀಸೆ ಮೂಡುವ ಮೊದಲಿನಿಂದ ಚೀಲ ಹೊತ್ತು ವ್ಯಾಗನ್ನಿನ ಹಲಗೆ ಹತ್ತಿದವನಿಗೆ ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತಿಸುವುದೂ ಒಂದು ಪರೀಕ್ಷೆಯೇ ಅಂತ. ಹದಿನಾಲ್ಕನೆಯ ಸಲಕ್ಕೆ ಆ ನಗು ಹೋಯಿತು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತಂತಾಯಿತು. ಎಡಗೈ ಬೆರಳಿನ ತುದಿಯವರೆಗೂ ಜೋಮು ಹಿಡಿಯಿತು. ಅವನು ಕೈ ಎತ್ತಿದ.

ಅವನ ನಂತರ ರಸೂಲಸಾಬ ಹತ್ತಿದ. ಹನ್ನೊಂದಕ್ಕೇ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆದರೂ ಕೈ ಎತ್ತಲಿಲ್ಲ. ಆಗುವುದಿಲ್ಲ ಎಂದು ಕೈ ಎತ್ತಿದ ಹಮಾಲನಿಗೆ ಮರುದಿನ ಕೆಲಸವಿಲ್ಲ ಎಂಬುದಷ್ಟೇ ಅವನಿಗೆ ಗೊತ್ತಿದ್ದ ನಿಯಮ. ಕೊನೆಗೆ ಬಸಲಿಂಗಯ್ಯನೇ ತೋಳು ಹಿಡಿದು ಇಳಿಸಿದ.

ಅದು ಅರವತ್ತನಾಲ್ಕನೆಯ ಇಸವಿ. ಇಬ್ಬರೂ ವಿಜಾಪುರದ ಗೂಡ್ಸ್ ಶೆಡ್ಡಿನ ಹಮಾಲರು. ಮರೆಪ್ಪ ಬಬಲೇಶ್ವರದ ಹೊಲಗೇರಿಯವ, ರಸೂಲಸಾಬ ತಿಕೋಟಾದವ. ಊರಲ್ಲಾಗಿದ್ದರೆ ಮರೆಪ್ಪ ಮುಟ್ಟಿದ ತಂಬಿಗೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಶೆಡ್ಡಿನಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ತಂಬಿಗೆ.

ಹಮಾಲಿ ಒಬ್ಬನ ಕೆಲಸವಲ್ಲ. ಒಬ್ಬ ಎತ್ತಿಕೊಡಬೇಕು, ಇನ್ನೊಬ್ಬ ಹೊರಬೇಕು. ಅದಕ್ಕೇ ಜೋಡಿ ಕಟ್ಟುತ್ತಾರೆ. ಜೋಡಿಯಾದ ಮೇಲೆ ಒಬ್ಬನಿಗೆ ಬಂದದ್ದು ಒಬ್ಬನದಲ್ಲ. ವ್ಯಾಪಾರಿ ಕೊಟ್ಟ ಬಾಳೆಹಣ್ಣು ಎರಡಾಗಬೇಕು, ಲಾಡು ಎರಡಾಗಬೇಕು, ಬೀಡಿಯೂ ಎರಡಾಗಬೇಕು. ಅದಕ್ಕೆ ಚಾಕು ಹುಡುಕುತ್ತ ಯಾರೂ ಹೋಗುವುದಿಲ್ಲ. ಹಲ್ಲಿನಿಂದ ಕಚ್ಚಿ, ಉಳಿದ ಅರ್ಧ ಕೊಡುವುದು. ಯಾರ ಎಂಜಲು ಯಾರಿಗೆ ಎಂದು ಕೇಳುವವರೆಲ್ಲ ಶೆಡ್ಡಿನ ಹೊರಗಿದ್ದರು.

ಹದಿನೆಂಟು ವರ್ಷದಿಂದ ಇವರದು ಒಂದೇ ಜೋಡಿ. ಎದೆನೋವೂ ಒಂದೇ ಬೇಸಿಗೆಯಲ್ಲಿ ಇಬ್ಬರಿಗೂ ಬಂತು. ಸ್ಟೇಷನ್ ರಸ್ತೆಯ ಆ ಖಾಸಗಿ ದವಾಖಾನೆಯಲ್ಲಿ ಪುಕ್ಕಟೆ ಮದ್ದು ಕೊಡುತ್ತಾರೆ ಎಂಬ ಸುದ್ದಿ ತಿಳಿದು ಹೋದರು. ಡಾಕ್ಟರ್ ಹಣಮಂತರಾಯರು ವಿಲಾಯಿತಿಯಲ್ಲಿ ಓದಿ ಬಂದವರು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವ ಬೇನೆಗೆ ಹೊಸ ಮದ್ದೊಂದನ್ನು ಪರೀಕ್ಷಿಸುತ್ತಿದ್ದರು. ಅದು ಕೂತು ಉಣ್ಣುವವರ ಬೇನೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಹೊತ್ತು ಉಣ್ಣುವವರಿಗೂ ಬರುತ್ತದೆ ಎಂದು ಕಂಡಾಗ ಡಾಕ್ಟರಿಗೆ ಖುಷಿಯೇ ಆಯಿತು. ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮರೆಪ್ಪನಿಗೆ ಹದಿನೇಳನೇ ನಂಬರಿನ ಬಾಟಲಿ, ರಸೂಲಸಾಬನಿಗೆ ಹದಿನೆಂಟು. ಒಳಗೆ ಒಂದೇ ಥರದ ಬಿಳಿ ಗುಳಿಗೆ. ಮುಂಜಾನೆ ಒಂದು, ಸಂಜೆ ಒಂದು. ಕಡಿಯದೆ ನುಂಗಬೇಕು.

ಮೊದಲ ವಾರ ಮರೆಪ್ಪನ ತಲೆ ಸಿಡಿಯಿತು. ಎರಡನೆಯ ವಾರ ಎದೆ ಹಗುರಾಯಿತು. ತಿಂಗಳು ತುಂಬುವುದರೊಳಗೆ ಜೋಳದ ಚೀಲ ಹೊತ್ತು, ನಡುವೆ ನಿಲ್ಲದೆ, ವ್ಯಾಗನ್ನಿನ ಹಲಗೆ ಹತ್ತಿದ. ರಸೂಲಸಾಬನಿಗೆ ತಲೆನೋವೂ ಬರಲಿಲ್ಲ, ಎದೆನೋವೂ ಹೋಗಲಿಲ್ಲ.

"ನಿನ್ನ ಬಾಟ್ಲಿ ಚಲೋ ಐತಿ ನೋಡ್ಲೇ ಮರೆಪ್ಪಾ," ಎಂದ ಒಂದು ದಿನ, ಗೋಡೆಗೆ ಒರಗಿ ಉಸಿರು ತಿರುಗಿಸಿಕೊಳ್ಳುತ್ತ.

"ಹಂಗಂದ್ರ ಅದ ನಂದ ಹೆಂಗ ಆಗತೈತಿ ರಸೂಲಣ್ಣ? ತಗಿ ನಿಂದೂ. ಎರಡೂ ಪಾಲ ಮಾಡೂಣು."

ಮರೆಪ್ಪ ತನ್ನ ಗುಳಿಗೆ ಕಚ್ಚಿ ಎರಡು ಮಾಡಿದ. ವಿಷದಂಥ ಕಹಿ. ಉಳಿದರ್ಧ ಕೊಟ್ಟ. ರಸೂಲಸಾಬ ತನ್ನದನ್ನು ಕಚ್ಚಿ ಅರ್ಧ ಕೊಟ್ಟ. ಮರೆಪ್ಪ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಚಪ್ಪರಿಸಿದ. ಸಿಹಿ. ಬರೀ ಸಿಹಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ತಪ್ಪಿ ಬೇರೆ ಗುಳಿಗೆ ತುಂಬಿದ್ದಾರೆ ಎಂದು ಆ ಬಡಪಾಯಿಗಳು ತಿಳಿದರು.

ಮರುದಿನವೇ ಡಾಕ್ಟರ ಮುಂದೆ ನಿಂತರು.

"ಸಾಹೇಬ್ರ, ರಸೂಲಣ್ಣನ ಗುಳಿಗಿ ಸಿಹಿ ಐತ್ರಿ," ಎಂದ ಮರೆಪ್ಪ. "ನಂದು ಕಹಿ. ಇವಗೂ ಕಹೀದ ಕೊಡ್ರಿ."

ಡಾಕ್ಟರು ಕನ್ನಡಕ ತೆಗೆದರು. "ಕಡದು ನೋಡೀರೇನು? ನುಂಗ್ರಿ ಅಂತ ಹೇಳಿದ್ದಿಲ್ಲ?"

"ಹೇಳಿದ್ರಿ. ತಪ್ಪಾತ್ರಿ."

"ನೋಡಪಾ, ಅರ್ಧ ಮಂದಿಗೆ ಮದ್ದು, ಅರ್ಧ ಮಂದಿಗೆ ಬರೇ ಸಕ್ಕರಿ. ಆರು ತಿಂಗಳ ಆದಮ್ಯಾಲ ಎರಡನ್ನೂ ಹೋಲಿಸಿ ನೋಡೂದು. ಇಲ್ಲಾಂದ್ರ ಮದ್ದು ಖರೇನ ಕೆಲಸ ಮಾಡ್ತೈತೋ ಇಲ್ಲೋ ಹೆಂಗ ಗೊತ್ತಾಗಬೇಕು? ಯಾರಿಗೆ ಯಾವುದು ಅನ್ನೂದು ನನಗೂ ಗೊತ್ತಿಲ್ಲ. ಪಟ್ಟಿ ಮುಂಬೈದಾಗ ಐತಿ."

"ಈಗ ಗೊತ್ತಾತಲ್ರಿ."

ಡಾಕ್ಟರು ಕನ್ನಡಕವನ್ನು ತಿರುಗಿ ಹಾಕಿಕೊಂಡರು. ಆಮೇಲೆ ಹೇಳಿದರು, "ನಡುವ ಬದಲಿ ಮಾಡಿದ್ರ ಪರೀಕ್ಷಾನ ಕೆಡತೈತಿ. ಮುಗಿಯೂತನಕ ತಡೀರಿ. ಮುಗಿದಮ್ಯಾಲ ಎಲ್ಲಾರಿಗೂ ಮದ್ದು ಕೊಡೂಣು."

"ಅಲ್ಲೀತನಕ ಇವನ ಎದಿ ತಡೀತೈತೇನ್ರಿ?"

"ಗುಳಿಗಿ ಅದಲಿ ಬದಲಿ ಮಾಡಿದ್ದು ಗೊತ್ತಾತಂದ್ರ ಇಬ್ಬರನ್ನೂ ತಗದ ಹಾಕತೇನಿ. ಹೋಗ್ರಿನ್ನ."

ಪರೀಕ್ಷೆ ಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ಮದ್ದು ಯಾವುದು, ಸಕ್ಕರೆ ಯಾವುದು ಎಂದು ಯಾರಾದರೂ ತಿಳಿಯಲೇಬೇಕು. ಆದರೆ ನಿನಗೆ ಸಕ್ಕರೆ ಬರಬಹುದು, ಒಪ್ಪುತ್ತೀಯಾ ಎಂದು ಒಂದು ಮಾತು ಕೇಳಬೇಕಿತ್ತು. ಹೆಬ್ಬೆಟ್ಟು ಒತ್ತುವವನಿಗೂ ಕಿವಿ ಇರುತ್ತವೆ.

ಅಂದಿನಿಂದ ಇಬ್ಬರೂ ದಿನಾ ಪಾಲು ಮಾಡಿದರು. ಮೊದಲು ಕಹಿಯ ಅರ್ಧ, ಬಾಯಿ ತೊಳೆಯಲು ಸಿಹಿಯ ಅರ್ಧ. ನಾಲ್ಕನೆಯ ದಿನ ರಸೂಲಸಾಬ ಹಣೆ ಹಿಡಿದುಕೊಂಡು ಶೆಡ್ಡಿಗೆ ಬಂದ. ಮುಖದ ತುಂಬ ನಗು.

"ಮರೆಪ್ಪಾ, ತಲಿ ನೋಯಾಕತ್ತೈತಿ."

"ಖರೇನ?"

"ಖರೇನಪಾ. ಸಿಡಿಯಾಕತ್ತೈತಿ."

ತಲೆನೋವು ಬಂತೆಂದು ಅಷ್ಟು ಸಂತೋಷಪಟ್ಟವರನ್ನು ವಿಜಾಪುರ ಕಂಡಿರಲಿಕ್ಕಿಲ್ಲ. ಅವತ್ತು ಇಬ್ಬರೂ ಒಂದು ಚಹಾ ತರಿಸಿ ಕಪ್ಪು-ಬಸಿಗಳಲ್ಲಿ ಪಾಲು ಮಾಡಿ ಕುಡಿದರು.

ರಸೂಲಸಾಬ ಸ್ವಲ್ಪ ಚೇತರಿಸಿಕೊಂಡ. ಆದರೆ ಅರ್ಧ ಗುಳಿಗೆ ಮರೆಪ್ಪನಿಗೆ ಸಾಲಲಿಲ್ಲ. ಒಂದು ಮಧ್ಯಾಹ್ನ ಹಲಗೆಯ ನಡುವೆಯೇ ಚೀಲ ಇಳಿಸಿ ಕೂತುಬಿಟ್ಟ. ಬಿಸಿಲಿಗೆ ಕಣ್ಣಿಗೆ ಕತ್ತಲೆ ಬಂತು ಎಂದು ಸುಳ್ಳು ಹೇಳಿದ. ರಸೂಲಸಾಬ ಬಂದು ಆ ಚೀಲ ತಾನೇ ಎತ್ತಿಕೊಂಡ.

ಆಮೇಲೂ ಪಾಲು ನಡೆಯಿತು. ದಿನಾ ಮರೆಪ್ಪ ಕಚ್ಚಿ ಅರ್ಧ ಕೊಡುತ್ತಿದ್ದ. ರಸೂಲಸಾಬ ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಿದ್ದ. "ತಲಿ ನೋಯಾಕತ್ತೈತೇನು?" ಎಂದು ಮರೆಪ್ಪ ಕೇಳುತ್ತಿದ್ದ. "ನೋಯಾಕತ್ತೈತಿ," ಎನ್ನುತ್ತಿದ್ದ ರಸೂಲಸಾಬ. ಮರೆಪ್ಪನಿಗೆ ಅಷ್ಟು ಸಾಕಾಗುತ್ತಿತ್ತು.

ಮರೆಪ್ಪ ಹಾಗೆ ಕೂತುಬಿಟ್ಟ ಮೇಲೆ ಹನ್ನೆರಡನೆಯ ದಿನ ಶೇಂಗಾದ ಚೀಲ ಬಂದವು. ಮರೆಪ್ಪ ಎತ್ತಿಕೊಟ್ಟ, ರಸೂಲಸಾಬ ಹೊತ್ತ. ಹಲಗೆಯ ತುದಿ ಮುಟ್ಟಿದವನು ಚೀಲವನ್ನು ವ್ಯಾಗನ್ನಿನೊಳಗೆ ನೆಟ್ಟಗೆ ಇಳಿಸಿದ. ಆಮೇಲೆ ಅದರ ಮೇಲೆಯೇ ಬೋರಲು ಬಿದ್ದ. ಮರೆಪ್ಪ ಹತ್ತಿ ಹೋಗಿ ಮಗ್ಗುಲು ಹೊರಳಿಸಿದಾಗ ಜೀವ ಇರಲಿಲ್ಲ. ಮರೆಪ್ಪ ಅವನ ಎದೆಯನ್ನು ತಿಕ್ಕುತ್ತಲೇ ಇದ್ದ. ಉಳಿದ ಹಮಾಲರು ಬಂದು ಅವನ ಕೈ ಬಿಡಿಸಬೇಕಾಯಿತು.

ಮಣ್ಣು ಕೊಟ್ಟ ಮೂರನೆಯ ದಿನ ರಸೂಲಸಾಬನ ಹೆಂಡತಿ ಬಡೇಮಾ ಮರೆಪ್ಪನ ಗುಡಿಸಲಿಗೆ ಬಂದಳು. ಗಂಡನ ಕೆಂಪು ರುಮಾಲು ತಂದಿದ್ದಳು. ಅದರ ಚುಂಗಿನಲ್ಲಿ ಒಂದು ಗಂಟಿತ್ತು.

"ಇದು ನಿನ್ನ ಪಾಲಂತಪಾ ಮರೆಪ್ಪಣ್ಣ."

ಅವನು ಗಂಟು ಬಿಚ್ಚಿದ. ಅರ್ಧರ್ಧ ಬಿಳಿ ಗುಳಿಗೆ. ಒಂದಂಚು ದುಂಡಗೆ, ಇನ್ನೊಂದಂಚಿಗೆ ಅವನದೇ ಹಲ್ಲಿನ ಗುರುತು.

"ಹನ್ನೊಂದ ದಿನದ್ದು," ಎಂದಳು ಬಡೇಮಾ. "ಬಾಯಾಗ ಹಾಕ್ಕೊಂಡಂಗ ಮಾಡಿ ಅಂಗೈಯಾಗ ಇಟ್ಕೋತಿದ್ದ. ಮರೆಪ್ಪಗ ನೋವ ತಿರುಗಿ ಬಂದೈತಿ, ನನ್ನ ಮುಂದ ಹೇಳಂಗಿಲ್ಲ ಅಂದ. ಈಗ ಕೊಟ್ರ ತಗೊಳ್ಳಂಗಿಲ್ಲ, ಡಾಕ್ಟರ ಬಾಟ್ಲಿ ಕೊಡೂದು ನಿಂತ ದಿನ ಕೊಡತೇನಿ ಅಂದಿದ್ದ. ಎಲ್ಲಾರಿಗೂ ಮದ್ದು ಕೊಡತೇವಿ ಅಂದ ಮಾತು ಅವ ನಂಬಿರಲಿಲ್ಲಪಾ."

ಮರೆಪ್ಪ ಗುಳಿಗೆಗಳನ್ನು ಎಣಿಸಲಿಲ್ಲ. ರುಮಾಲು ಮುಖಕ್ಕೆ ಒತ್ತಿಕೊಂಡು ಅತ್ತ. ಹೆಂಗಸಿನ ಮುಂದೆ ಅಳುತ್ತಿದ್ದೇನೆಂಬ ನಾಚಿಕೆಯೂ ಅವನಿಗೆ ಆಗಲಿಲ್ಲ. ತಾನು ಸುಳ್ಳು ಹೇಳಿದ್ದ, ಅವನೂ ಹೇಳಿದ್ದ. ಇಬ್ಬರ ಸುಳ್ಳಿನ ನಡುವೆ ಒಂದು ಜೀವ ಹೋಯಿತು. ಒಂದು ಬಾಟಲಿ ಬದಲಿಸಿದ್ದರೆ ಈ ಸುಳ್ಳುಗಳು ಬೇಕಾಗುತ್ತಿರಲಿಲ್ಲ.

ಸೋಮವಾರ ದವಾಖಾನೆಗೆ ಹೋದ. ಬೆಂಚಿನ ಮೇಲೆ ಒಂಬತ್ತು ಜನ ಬಾಟಲಿ ಹಿಡಿದು ಕೂತಿದ್ದರು. ಟಾಂಗಾ ಹೊಡೆಯುವವರು, ಗಿರಣಿಯವರು, ಜೈನಾಪುರದಿಂದ ನಸುಕಿನಲ್ಲೇ ಹೊರಟು ಬಂದ ಹುಚ್ಚವ್ವ. ಬಸಲಿಂಗಯ್ಯ ಶಾಯಿಯ ಪ್ಯಾಡು ಮತ್ತು ಒಂದು ಕಾಗದ ತಂದ.

"ಮರೆಪ್ಪಾ, ಸಾಕ್ಷಿ ಅಂತ ಇಲ್ಲೊಂದು ಹೆಬ್ಬೆಟ್ಟ ಒತ್ತು."

"ಏನ ಬರದೀರಿ, ಓದಿ ಹೇಳ್ರಿ."

ಬಸಲಿಂಗಯ್ಯ ದನಿ ತಗ್ಗಿಸಿದ. "ಹದಿನೆಂಟನೇ ನಂಬರಿನವ ಹೇಳಿದಂಗ ಗುಳಿಗಿ ನುಂಗಿಲ್ಲ, ಕಡದಾನ. ಅದಕ್ಕ ಅವನ್ನ ಪರೀಕ್ಷಾದಿಂದ ತಗದೇವಿ ಅಂತ."

"ಅಂದ್ರ ಅವ ಸತ್ತದ್ದು?"

"ಅದು ಬರಂಗಿಲ್ಲ."

"ಎದರಾಗ ಬರಂಗಿಲ್ಲ?"

"ಡಾಕ್ಟರ ಬರಿಯೂ ಪುಸ್ತಕದಾಗ."

ಮರೆಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಬೆಂಚಿನ ಮುಂದೆ ಹೋಗಿ ನೆಲದ ಮೇಲೆ ಕೂತು ರುಮಾಲು ಬಿಚ್ಚಿದ.

"ಇದು ಮದ್ದು," ಎಂದ. "ಎಲ್ಲಾರೂ ನಾಲಿಗಿಗೆ ಹಚ್ಚಿ ನೋಡ್ರಿ. ಆಮ್ಯಾಲ ನಿಮ್ಮ ನಿಮ್ಮ ಬಾಟ್ಲ್ಯಾಗಿಂದು ಒಂದೊಂದ ಕಡೀರಿ."

"ಕಡಿಬ್ಯಾಡ್ರಿ ಅಂದಾರಲ್ಲಪಾ," ಎಂದ ಟಾಂಗಾದವ.

"ಯಾಕ ಬ್ಯಾಡ ಅಂದಾರ ಅನ್ನೂದು ಕಡದ್ರನ ತಿಳೀತೈತಿ."

ಬಸಲಿಂಗಯ್ಯ ತಡೆಯಲು ಎರಡು ಹೆಜ್ಜೆ ಮುಂದೆ ಬಂದ. ಅವನ ಅಪ್ಪನೂ ಎದೆನೋವಿನಿಂದಲೇ ಸತ್ತಿದ್ದ. ಅವನು ಕಾಗದ ಮಡಚಿ ಗೋಡೆಯ ಕಡೆಗೆ ತಿರುಗಿ ನಿಂತ.

ಒಬ್ಬೊಬ್ಬರೇ ಕಚ್ಚಿದರು. ಟಾಂಗಾದವನ ಮುಖ ಹಿಂಡಿಕೊಂಡಿತು. ಗಿರಣಿಯವನೊಬ್ಬ ಥೂ ಎಂದ. ಮುಖ ಕಿವುಚಿದವರು ಐದು ಜನ. ಉಳಿದ ನಾಲ್ವರು ಕಿವುಚಲಿಲ್ಲ. ಹುಚ್ಚವ್ವ ಮತ್ತೊಮ್ಮೆ ಕಚ್ಚಿದಳು, ಇನ್ನೊಂದು ಗುಳಿಗೆ ತೆಗೆದು ಅದನ್ನೂ ಕಚ್ಚಿದಳು.

"ನಂದು ಸಿಹಿ ಐತೋ ಯಪ್ಪಾ," ಎಂದಳು ಮೆಲ್ಲಗೆ. "ನಾಕ ತಿಂಗಳಿಂದ ನಡಕೋತ ಬರಾಕತ್ತೇನಿ."

ಮರೆಪ್ಪ ಅವಳ ಅಂಗೈಯಲ್ಲಿ ಒಂದರ್ಧ ಗುಳಿಗೆ ಇಟ್ಟ. "ತಗೋ ಬೇ. ಇದು ರಸೂಲಣ್ಣನ ಪಾಲು."

ಅದನ್ನು ನೋಡಿ ಟಾಂಗಾದವ ತನ್ನ ಬಾಟಲಿಯನ್ನೂ ರುಮಾಲಿನ ಮೇಲೆ ಸುರಿದ. ಗಿರಣಿಯವ ಸುರಿದ. ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. ನೆಲದ ತುಂಬ ಬಿಳಿ ಗುಳಿಗೆ, ಸುತ್ತ ಹತ್ತು ಜನ, ಎಲ್ಲರ ಹಲ್ಲಿನ ನಡುವೆ ಅವರ ಪರೀಕ್ಷೆ.

"ಏನ ಮಾಡಾಕತ್ತೀರಿ?"

ಮರೆಪ್ಪ ತಲೆ ಎತ್ತಲಿಲ್ಲ. ಗುಳಿಗೆಯೊಂದನ್ನು ಕಚ್ಚಿ, ಅರ್ಧವನ್ನು ಹುಚ್ಚವ್ವನ ಪಕ್ಕದವನಿಗೆ ಕೊಟ್ಟ.

"ಪಾಲ ಮಾಡಾಕತ್ತೇವ್ರಿ," ಎಂದ.

ಡಾಕ್ಟರು ಒಂದನೇ ನಂಬರು ಕರೆದರು. ಎರಡನೇ ನಂಬರು ಕರೆದರು. ಆ ದಿನ ಮೆಟ್ಟಿಲು ಹತ್ತಲು ಯಾರೂ ಏಳಲಿಲ್ಲ.