ಅತ್ತೆಯ ಓಟು

ಪತ್ರಿಕೆ, ಟಿವಿ ಚಾನೆಲ್ಲು ಎರಡೂ ಇದ್ದ ಆ ಮನೆತನದ ಕಂಪನಿಯಲ್ಲಿ ಅತ್ತೆಯನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅರವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಆಡಳಿತ ಮಂಡಳಿಯ ಸಭೆಗೆ ಬಂದು, ಮೇಜಿನ ತುದಿಯಲ್ಲಿ ಕೂತು, ಅಣ್ಣನ ಮಕ್ಕಳಿಬ್ಬರು ಹೇಳಿದ್ದಕ್ಕೆಲ್ಲ ಕೈ ಎತ್ತಿ ಮನೆಗೆ ಹೋಗುತ್ತಿದ್ದರು. ಅತ್ತೆಗೆ ಅದು ಬೇಸರವೋ ಬೇಸರ.

ಕಂಪನಿ ಕಟ್ಟಿದ ಅತ್ತೆಯ ಅಪ್ಪ ಬಲು ಘಾಟಿ ಮುದುಕ. ಷೇರುಗಳನ್ನು ಪೇಟೆಯಲ್ಲಿ ಕೇಳಿದವರಿಗೆಲ್ಲ ಮಾರಿದ್ದ. ಆದರೆ ಹೊರಗಿನವರ ಒಂದು ಷೇರಿಗೆ ಒಂದು ಓಟು, ಮನೆಯವರ ಒಂದು ಷೇರಿಗೆ ಹತ್ತು. ದುಡ್ಡು ಊರವರದು, ಯಜಮಾನಿಕೆ ಮನೆಯವರದು. ಆ ಮನೆಯವರ ಷೇರುಗಳಲ್ಲಿ ಒಂದು ದೊಡ್ಡ ಪಾಲು ಅತ್ತೆಯ ಹೆಸರಲ್ಲಿತ್ತು.

ಎದುರಾಳಿ ಚಾನೆಲ್ಲಿನ ಒಡೆಯನೊಬ್ಬನಿದ್ದ, ಹೆಂಡತಿ ತೀರಿಕೊಂಡು ಒಂಟಿಯಾದವನು. ಪೇಟೆಯಲ್ಲಿ ಸಿಕ್ಕ ಷೇರನ್ನೆಲ್ಲ ಬಾಚಿಕೊಂಡರೂ ಈ ಕಂಪನಿಯ ಒಂದು ಕುರ್ಚಿಯನ್ನೂ ಅಲುಗಿಸಲು ಅವನಿಂದಾಗಲಿಲ್ಲ. ಕೊನೆಗೆ ಒಂದು ಸಂಜೆ ಹೂಗುಚ್ಛ ಹಿಡಿದು ಅತ್ತೆಯ ಮನೆಯ ಬಾಗಿಲು ತಟ್ಟಿದ.

ಅವನ ಹುನ್ನಾರ ಅತ್ತೆಗೆ ಹೊಸ್ತಿಲಲ್ಲೇ ಗೊತ್ತಾಯಿತು. ಆದರೂ ಒಳಗೆ ಕರೆದು ಕಾಫಿ ಕೊಟ್ಟರು. ಮರುದಿನ ಬೇಕೆಂದೇ ಅವನ ತೋಳು ಹಿಡಿದು, ಪತ್ರಿಕೆ ಕಚೇರಿಯ ಗಾಜಿನ ಕಿಟಕಿಗಳ ಮುಂದೆಯೇ ವಾಕಿಂಗ್ ಹೋದರು.

ಅಣ್ಣನ ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಓಡಿ ಬಂದರು.

"ಅತ್ತೆ, ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಜನ ಏನಂದ್ಕೊಳ್ತಾರೆ?" ಎಂದ ದೊಡ್ಡವನು.

"ಜನ ಏನಂದ್ಕೋಬೇಕು ಅಂತ ಬರೆಯೋರು ನೀವೇ ಅಲ್ವೇನ್ರೋ?"

ಚಿಕ್ಕವನ ಮುಖ ಬಿಳಿಚಿತ್ತು. "ನಿಮ್ಮ ಓಟು ಆ ಕಡೆ ವಾಲಿದ್ರೆ ನಮ್ಮ ಕಥೆ ಮುಗೀತು ಅತ್ತೆ."

"ಏನು ಮಾಡ್ಲೋ, ಹೊತ್ತೇ ಹೋಗಲ್ಲ. ಕೂರೋಕೆ ಒಂದೊಳ್ಳೆ ಕುರ್ಚಿ ಇದ್ದಿದ್ರೆ ಮಾತು ಬೇರೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮುಂದಿನ ಸಭೆಯಲ್ಲಿ ಅತ್ತೆ ಕಂಪನಿಯ ಅಧ್ಯಕ್ಷೆ! ಮೊದಲ ಅಪ್ಪಣೆಯಾಗಿ, ಮುಖಪುಟದಲ್ಲಿ ಅಣ್ಣನ ಮಕ್ಕಳ ಫೋಟೊ ಹಾಕುವುದನ್ನು ನಿಲ್ಲಿಸಿದರು. ಹೊಟ್ಟೆ ತುಂಬ ನಗಬೇಕೆನಿಸಿದರೂ ತುಟಿ ಬಿಗಿಹಿಡಿದರು.

ಸುದ್ದಿ ಕೇಳಿದ ಒಡೆಯ ಅಂದೇ ಸಂಜೆ ಹಿಗ್ಗಿ ಬಂದ. "ಇನ್ನೇನು, ಮದುವೆ ದಿನ ಗೊತ್ತು ಮಾಡೋಣ್ವಾ?"

"ಮಾಡೋಣ. ಆದ್ರೆ ಷೇರು ನಂದೇ, ಓಟೂ ನಂದೇ. ಅಣ್ಣನ ಮಕ್ಕಳು ಹೇಳಿದ್ರು, ಗಂಡ ಹೇಳಿದ ಅನ್ನೋದು ನನ್ನ ಹತ್ರ ನಡೆಯಲ್ಲ. ಈ ಮನೆ ಅಳಿಯನಿಗೆ ಸಿಗೋದು ಊಟ ಮಾತ್ರ."

ಅವನು ಗಟ್ಟಿಯಾಗಿ ನಕ್ಕುಬಿಟ್ಟ. "ಊಟನಾದ್ರೂ ಚೆನ್ನಾಗಿರುತ್ತಾ?"

ಅತ್ತೆ ಇನ್ನೊಂದು ತಟ್ಟೆ ಇಟ್ಟರು. ಆ ರಾತ್ರಿ ಅವನು ಎರಡು ಸಲ ಬಡಿಸಿಕೊಂಡು ಉಂಡ ಸುದ್ದಿಯನ್ನು ಮಾತ್ರ ಎರಡೂ ಚಾನೆಲ್ಲಿನವರು ಹಾಕಲಿಲ್ಲ.