ಎದುರುಮನೆಯ ಅಣೆಕಟ್ಟು

ಮನೆಯೊಳಗೆ ಸದಾನಂದರ ಶಬ್ದಭಂಡಾರ ಮೂರೇ ಮೂರು: ಹೂಂ, ಉಹೂಂ, ಊಟ. ಎದುರುಮನೆ ರಂಜನಿಯ ಹಜಾರದಲ್ಲಿ ಮಾತ್ರ ವಾರದಿಂದ ಅವರ ಬಾಯಿಗೆ ಗೇಟೇ ಇರಲಿಲ್ಲ. ಹೆಂಡತಿ ವಿಮಲಾಳಿಗೆ ಅದು ತನ್ನ ಬಾಗಿಲಿಗೂ ಕೇಳಿಸುತ್ತಿತ್ತು.

ಮದರಾಸಿನ ವೇಲಚೇರಿಯ ಆ ಫ್ಲ್ಯಾಟುಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಸ್ಪರ್ಧೆ. ಹಿಂದಿನ ನಾಲ್ಕು ವರ್ಷವೂ ಮೊದಲ ಬಹುಮಾನ ವಿಮಲಾಳದೇ. ಈ ಸಲ ರಂಜನಿಯ ಬೊಂಬೆಗಳ ಮುಂದೆ ಕೆಮ್ಮಣ್ಣಿನ ದೊಡ್ಡ ಅಣೆಕಟ್ಟು ಎದ್ದಿತ್ತು. ತಗಡಿನ ಮೂರು ಗೇಟು, ಕೆಳಗೆ ತಟ್ಟೆಯಲ್ಲಿ ರಾಗಿ ಪೈರು, ಬಲ್ಬು ಉರಿಸಲು ಪುಟ್ಟ ಚಕ್ರ. ಕಟ್ಟಿಕೊಟ್ಟವರು ಗೊರೂರಿನ ಅಣೆಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಎಂಜಿನಿಯರಾಗಿದ್ದ ಸದಾನಂದರು. ಸ್ವಂತ ಹೆಂಡತಿಯ ಬೊಂಬೆಗಳಿಗೆ ಒಂದು ಹಲಗೆ ಎತ್ತಿಕೊಟ್ಟವರಲ್ಲ!

ಕುಂಕುಮಕ್ಕೆ ಕರೆದರೆಂದು ವಿಮಲಾ ಹೋದಳು. ಮದರಾಸಿನಲ್ಲೇ ಹುಟ್ಟಿ ಬೆಳೆದ ರಂಜನಿ ಮಗ್ಗಿನಿಂದ ಅಣೆಕಟ್ಟಿಗೆ ನೀರು ಸುರಿಯುತ್ತಿದ್ದಳು.

"ವಾಂಗೊ ಮಾಮಿ! ಮಾಮಾ ಎಷ್ಟು ಚೆನ್ನಾಗಿ ಎಕ್ಸ್‌ಪ್ಲೇನ್ ಮಾಡ್ತಾರೆ! ನಿಮ್ಗೆ ದಿನಾ ಲೆಕ್ಚರ್ ಇರ್ಬೇಕಲ್ಲ?"

"ದಿನಾ. ಕಿವಿ ತುಂಬಿ ಕೋಡಿ ಬಿದ್ದಿದೆ," ಎಂದಳು ವಿಮಲಾ. "ಅಂಚಿನವರೆಗೂ ತುಂಬಿಸ್ತಿದ್ದೀಯಲ್ಲಮ್ಮ?"

"ಕರ್ನಾಟಕದ ಡ್ಯಾಮ್ ಅಲ್ವಾ ಮಾಮಿ, ಜಡ್ಜ್ ಬರದೆ ನೀರು ಬಿಡಲ್ಲ! ಅವರನ್ನ ಕರ್ಕೊಂಬರಕ್ಕೆ ಮಾಮಾನೇ ಕೆಳಗೆ ಹೋಗಿದ್ದಾರೆ. ಅಷ್ಟರಲ್ಲಿ ಒಂದು ಹಾಡು ಹೇಳಿ."

ಬೊಂಬೆ ನೋಡಲು ಬಂದವರು ಹಾಡಲೇಬೇಕು. ವಿಮಲಾ ಹಾಡತೊಡಗಿದಳು. ಎರಡನೇ ಸಾಲಿಗೆ ಅವಳ ಕಣ್ಣು ಒಡ್ಡಿನ ಬುಡಕ್ಕೆ ಬಿತ್ತು. ಅಲ್ಲಿ ನೀರು ಜಿನುಗುತ್ತಿತ್ತು. ಜಿನುಗಿದರೆ ಚಿಂತೆಯಿಲ್ಲ, ಆದರೆ ಇದು ಕೆಂಪಗಿತ್ತು. ಗೊರೂರಿನ ಕ್ವಾರ್ಟರ್ಸಿನಲ್ಲಿ ಪ್ರತಿ ಮಳೆಗಾಲವೂ ಗಂಡ ಫೋನಿನಲ್ಲಿ ಕೂಗುತ್ತಿದ್ದುದು ಒಂದೇ ಪ್ರಶ್ನೆ: "ತಿಳಿನೀರೋ, ಕೆಂಪೋ?" ಕೆಂಪೆಂದರೆ ಒಳಗಿನ ಮಣ್ಣೇ ಕರಗಿ ಬರುತ್ತಿದೆ ಎಂದರ್ಥ.

ಇನ್ನೈದು ನಿಮಿಷ. ಒಡ್ಡು, ಪೈರು, ಕೆಳಮೆಟ್ಟಿಲ ಬೊಂಬೆ, ಎಲ್ಲ ಕೆಸರು. ಐದನೇ ವರ್ಷದ ಬಹುಮಾನವೂ ತನ್ನದೇ.

ವಿಮಲಾ ಪಲ್ಲವಿಯನ್ನು ಮತ್ತೆ ಎತ್ತಿಕೊಂಡಳು. ಆ ಹಾಡನ್ನು ಅಷ್ಟು ನಿಧಾನವಾಗಿ ಯಾರೂ ಹಾಡಿರಲಿಕ್ಕಿಲ್ಲ.

ಆಗ ಬಾಗಿಲಲ್ಲಿ ತೀರ್ಪುಗಾರರ ಹಿಂದೆ ಸದಾನಂದರು ಕಾಣಿಸಿದರು. ಮಗಳ ಮದುವೆಯಲ್ಲೂ ಆ ಮುಖದಲ್ಲಿ ಇಷ್ಟು ಬೆಳಕಿರಲಿಲ್ಲ. ವಿಮಲಾಳ ಹೊಟ್ಟೆ ಧಗಧಗ ಉರಿಯಿತು. ಉರಿಯುವ ಹೊಟ್ಟೆಯಲ್ಲೇ ಹಾಡು ತುಂಡು ಮಾಡಿ, ಬಗ್ಗಿ, ಮೂರೂ ಗೇಟು ಎತ್ತಿಬಿಟ್ಟಳು.

ನೀರು ಧುಮುಕಿತು, ಚಕ್ರ ತಿರುಗಿತು, ಬಲ್ಬು ಹತ್ತಿತು. ತೀರ್ಪುಗಾರರು ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ರಂಜನಿಗೆ ಹೋಯಿತು.

ಬಂದವರೆಲ್ಲ ಹೋದ ಮೇಲೆ ಸದಾನಂದರು, "ಯಾಕೆ ಎತ್ತಿದ್ದು?" ಎಂದರು.

"ಬುಡ ನೋಡ್ರಿ."

ಅವರು ಮಂಡಿಯೂರಿ ನೋಡಿದರು. "ಕೆಂಪು! ನಿಂಗೆ ಇದೆಲ್ಲ ಹೆಂಗೆ ಗೊತ್ತೇ?"

"ಇಪ್ಪತ್ತೆರಡು ವರ್ಷದ ಸವತಿ ಸಂಗತಿ ಹೆಂಡ್ತಿಗೆ ಗೊತ್ತಿರಲ್ವೇನ್ರೀ?"

ಸದಾನಂದರು ಗಹಗಹಿಸಿ ನಕ್ಕರು. ಕೈ ಮಾತ್ರ ಒದ್ದೆ ಒಡ್ಡನ್ನು, ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟುವಂತೆ, ಸವರುತ್ತಲೇ ಇತ್ತು. ವಿಮಲಾ ಆ ಕೈಯನ್ನು ಎಳೆದುಕೊಂಡು ಸೆರಗಿನಿಂದ ಕೆಸರು ಒರೆಸಿದಳು, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿಯೇ.